ಮಕ್ಕಳ ಜೊತೆ ಕೂತು ನೋಡಲು ಹಳೇ ಮಾಯಾಲೋಕದ ಸಿನಿಮಾಗಳು: ಯಾವುದು ಮೊದಲು, ಯಾವುದು ಆಮೇಲೆ?

ಬೇಸಿಗೆ ರಜೆ ಬಂತೆಂದರೆ ಒಂದೇ ಪ್ರಶ್ನೆ ನಾಲ್ಕು ಕಡೆಯಿಂದ ಬರುತ್ತದೆ. ಜಯನಗರದ ಅಕ್ಕ ಕೇಳುತ್ತಾಳೆ, ಆಫೀಸಿನವರು ಕೇಳುತ್ತಾರೆ, ಪಕ್ಕದ ಫ್ಲ್ಯಾಟಿನವರು ಲಿಫ್ಟ್‌ನಲ್ಲೇ ಹಿಡಿದು ಕೇಳುತ್ತಾರೆ: ಮಕ್ಕಳಿಗೆ ಒಂದು ಒಳ್ಳೇ ಹಳೇ ಸಿನಿಮಾ ಹೇಳಿ, ಮಾಯ ಮಂತ್ರ ಇರಬೇಕು, ಹೊಡೆದಾಟ ಬೇಡ, ನಾವೂ ಜೊತೆಗೆ ಕೂತು ನೋಡುವಂತಿರಬೇಕು. ಒಂದು ಹೆಸರು ಹೇಳಿ ಕಳಿಸಿದರೆ ಕೆಲಸ ಆಗುವುದಿಲ್ಲ. ಐದು ವರ್ಷದವಳಿಗೆ ಹಿಡಿಸಿದ್ದು ಹತ್ತು ವರ್ಷದವನಿಗೆ ಬೋರು. ಹತ್ತು ವರ್ಷದವನು ಕಣ್ಣು ಮಿಟುಕಿಸದೆ ನೋಡಿದ ಸಿನಿಮಾ ನೋಡಿ ಐದು ವರ್ಷದವಳು ನಡುರಾತ್ರಿ ಎದ್ದು ಕೂರುತ್ತಾಳೆ. ಅದಕ್ಕೇ ಒಂದನ್ನು ಇನ್ನೊಂದರ ಪಕ್ಕ ಇಟ್ಟು ಬರೆಯುತ್ತಿದ್ದೇನೆ. 1939ರಿಂದ 1988ರವರೆಗಿನ ಚಿತ್ರಗಳು ಮಾತ್ರ. ಕಂಪ್ಯೂಟರ್ ಗ್ರಾಫಿಕ್ಸ್ ಎಲ್ಲವನ್ನೂ ಆವರಿಸುವ ಮುಂಚಿನ ಕಾಲದವು.

ಯಾಕೆ ಹಳೆಯವೇ ಎಂದರೆ ನನ್ನ ಉತ್ತರ ಇದು. ಅವುಗಳಲ್ಲಿ ಮಾಯೆಯನ್ನು ಕೈಯಲ್ಲಿ ಮಾಡಿರುತ್ತಾರೆ, ಆ ಕೈ ಕೆಲಸ ಮಗುವಿಗೂ ಕಾಣುತ್ತದೆ. ದಸರಾ ಬೊಂಬೆ ಕೂರಿಸುವಾಗ ಕನ್ನಡಿ ಇಟ್ಟು ಕೆರೆ ಮಾಡಿ, ರಾಗಿ ಪೈರು ಬೆಳೆಸಿ ಪಾರ್ಕು ಮಾಡುತ್ತೇವಲ್ಲ, ಹಾಗೆ. ಅದು ಕನ್ನಡಿ ಎಂದು ಮಕ್ಕಳಿಗೆ ಗೊತ್ತು, ಆದರೂ ಬಗ್ಗಿ ಬಗ್ಗಿ ನೋಡುತ್ತಾರೆ, ಮಾರನೇ ದಿನ ತಾವೂ ಒಂದು ಕೆರೆ ಮಾಡುತ್ತಾರೆ. ಹಳೇ ಸಿನಿಮಾ ನೋಡಿದ ಮಕ್ಕಳು ಮುಗಿದ ಕೂಡಲೇ ಬೆಡ್‌ಶೀಟು, ಛತ್ರಿ, ರಟ್ಟಿನ ಡಬ್ಬ ಹುಡುಕುವುದನ್ನು ನಮ್ಮ ಬಿಲ್ಡಿಂಗಿನಲ್ಲಿ ಕಣ್ಣಾರೆ ಕಂಡಿದ್ದೇನೆ. ಹೊಸ ಸಿನಿಮಾ ಮುಗಿದಾಗ ಜಾಸ್ತಿ ಮಕ್ಕಳು ಕೇಳುವುದು ಅದರ ಎರಡನೇ ಭಾಗ ಯಾವಾಗ ಎಂದು.

ಆರಿಸುವಾಗ ನಾನು ವಯಸ್ಸಿಗಿಂತ ಮುಂಚೆ ಬೇರೊಂದನ್ನು ನೋಡುತ್ತೇನೆ. ಮಾಯೆ ಎಲ್ಲಿ ಶುರುವಾಗುತ್ತದೆ? ಕೆಲವು ಚಿತ್ರಗಳಲ್ಲಿ ಅದು ಮಗುವಿನ ಮನೆಗೇ, ಬೀದಿಗೇ ಬರುತ್ತದೆ. ಇನ್ನು ಕೆಲವುಗಳಲ್ಲಿ ಮಗು ಮನೆ ಬಿಟ್ಟು ಬೇರೆ ಲೋಕಕ್ಕೆ ಹೋಗಬೇಕು, ವಾಪಸ್ ಬರುವ ದಾರಿ ತಾನೇ ಹುಡುಕಬೇಕು. ಮೂರನೇ ಬಗೆಯಲ್ಲಿ ಲೋಕವೇ ಮಾಯೆಯದು, ನಮ್ಮ ಅಜ್ಜಿ ಕಥೆಯ ಹಾಗೆ. ಪುಟ್ಟ ಮಕ್ಕಳಿಗೆ ಮೊದಲನೇ ಬಗೆ ಸರಿ. ಅಮ್ಮ ಕೂಗಿದರೆ ಕೇಳಿಸುವಷ್ಟು ಹತ್ತಿರದಲ್ಲಿ ನಡೆಯುವ ಮಾಯೆಗೆ ಅವರು ಹೆದರುವುದು ಕಡಿಮೆ. ಮನೆ ಬಿಟ್ಟು ಹೋಗುವ ಕಥೆಗೆ ಎಂಟು ವರ್ಷವಾದರೂ ಆಗಲಿ. ಮೂರನೆಯದು ಎಲ್ಲರೂ ಸೇರಿದಾಗ, ಕಸಿನ್ಸ್ ಎಲ್ಲ ಬಂದು ಬಿದ್ದಿರುವಾಗ.

ಮಾಯೆ ಮನೆ ಬಾಗಿಲಿಗೆ ಬಂದರೆ

ಮೊತ್ತಮೊದಲು ತೋರಿಸುವ ಚಿತ್ರ ಯಾವುದು ಎಂದು ಕೇಳಿದರೆ ಯೋಚಿಸದೆ ಹೇಳುತ್ತೇನೆ: 'ದಿ ರೆಡ್ ಬಲೂನ್'. 1956ರ ಫ್ರೆಂಚ್ ಚಿತ್ರ, ಆಲ್ಬೆರ್ ಲಾಮೊರೀಸ್ ನಿರ್ದೇಶನ. ಸುಮಾರು 35 ನಿಮಿಷ, ಅಷ್ಟೇ. ಮಾತು ಇಲ್ಲವೆನ್ನುವಷ್ಟು ಕಡಿಮೆ, ಹಾಗಾಗಿ ಸಬ್‌ಟೈಟಲ್ ತಾಪತ್ರಯವೇ ಇಲ್ಲ. ಇಷ್ಟು ಕಮ್ಮಿ ಮಾತಿನ ಚಿತ್ರಕ್ಕೆ ಚಿತ್ರಕಥೆಯ ಆಸ್ಕರ್ ಬಂತು ಅಂದರೆ ನೋಡಿ. ಪ್ಯಾರಿಸ್ಸಿನ ಮೆನಿಲ್ಮೊಂತಾ ಎಂಬ ಬಡಾವಣೆಯ ಬೂದು ಗೋಡೆಗಳ ನಡುವೆ ಒಬ್ಬ ಹುಡುಗ ಸ್ಕೂಲಿಗೆ ಹೊರಟಿದ್ದಾನೆ, ದೀಪದ ಕಂಬಕ್ಕೆ ಸಿಕ್ಕಿಕೊಂಡ ಕೆಂಪು ಬಲೂನು ಬಿಡಿಸಿಕೊಳ್ಳುತ್ತಾನೆ. ಬಲೂನು ನಾಯಿಮರಿಯಂತೆ ಹಿಂದೆ ಬೀಳುತ್ತದೆ. ಬಸ್ಸಿನವರು ಬಲೂನು ಹತ್ತಿಸಿಕೊಳ್ಳುವುದಿಲ್ಲ, ಮನೆಯಲ್ಲಿ ಕಿಟಕಿಯಿಂದ ಹೊರಗೆ ಹಾಕುತ್ತಾರೆ, ಅದು ಹೊರಗೆ ಕಾದು ನಿಲ್ಲುತ್ತದೆ.

ಇದರಲ್ಲಿ ಒಂದು ದೃಶ್ಯವಿದೆ. ಮಳೆ ಬರುತ್ತಿದೆ. ಹುಡುಗ ತಾನು ನೆನೆಯುವ ಬಗ್ಗೆ ತಲೆ ಕೆಡಿಸಿಕೊಳ್ಳುವುದಿಲ್ಲ. ಬಲೂನು ನೆನೆಯಬಾರದೆಂದು ದಾರಿಯಲ್ಲಿ ಹೋಗುವ ಅಪರಿಚಿತರ ಛತ್ರಿಯಡಿ ಅದನ್ನು ತೂರಿಸುತ್ತಾ, ಒಬ್ಬರ ಛತ್ರಿಯಿಂದ ಇನ್ನೊಬ್ಬರದ್ದಕ್ಕೆ ದಾಟುತ್ತಾ ಮನೆ ಸೇರುತ್ತಾನೆ. ಯಾರೂ ಏನೂ ವಿವರಿಸುವುದಿಲ್ಲ. ನಾಲ್ಕು ವರ್ಷದ ಮಗುವಿಗೂ ಅರ್ಥವಾಗುತ್ತದೆ, ಯಾಕೆಂದರೆ ಅದೂ ತನ್ನ ಗೊಂಬೆಗೆ ಹೊದಿಕೆ ಹೊದಿಸಿಯೇ ಮಲಗುವುದು. ಕೊನೆಯ ಹತ್ತು ನಿಮಿಷದಲ್ಲಿ ತಂಟೆಕೋರ ಹುಡುಗರ ಗುಂಪು ಬರುತ್ತದೆ, ಸಂಕಟ ಆಗುತ್ತದೆ. ಆಗ ಎದ್ದು ಆಫ್ ಮಾಡಬೇಡಿ. ಅಲ್ಲಿಂದ ಮುಂದೆ ಏನಾಗುತ್ತದೆ ಎಂದು ನಾನು ಹೇಳುವುದಿಲ್ಲ, ಮಗುವನ್ನು ತೊಡೆ ಮೇಲೆ ಕೂರಿಸಿಕೊಂಡು ಪೂರ್ತಿ ನೋಡಿ.

ಆ ಬಡಾವಣೆಯ ಎಷ್ಟೋ ಮನೆಗಳನ್ನು ಆಮೇಲೆ ಕೆಡವಿಬಿಟ್ಟರು. ಈಗ ಅವು ಉಳಿದಿರುವುದು ಈ ಚಿತ್ರದಲ್ಲಿ. ಬಸವನಗುಡಿ, ಮಲ್ಲೇಶ್ವರದ ವಠಾರಗಳು ಒಂದೊಂದಾಗಿ ಹೋಗುವುದನ್ನು ನೋಡಿದವರಿಗೆ ಆ ಮೆಟ್ಟಿಲು, ಆ ಗಲ್ಲಿ ನೋಡುವಾಗ ಬೇರೇನೋ ಅನಿಸುತ್ತದೆ. ಅದು ದೊಡ್ಡವರ ಪಾಲು.

ಬಲೂನು ಇಷ್ಟವಾಯಿತು ಎಂದಾದರೆ ಮುಂದಿನ ಆಯ್ಕೆ ಎರಡರಲ್ಲಿ ಒಂದು: 'ಮೈ ನೈಬರ್ ಟೊಟೊರೊ' ಅಥವಾ 'ಮೇರಿ ಪಾಪಿನ್ಸ್'. ಎರಡರಲ್ಲೂ ಇಬ್ಬರು ಮಕ್ಕಳು, ಎರಡರಲ್ಲೂ ಮಾಯೆಯೇ ಹುಡುಕಿಕೊಂಡು ಬರುತ್ತದೆ. ಆದರೆ ಎರಡೂ ಬೇರೆ ಬೇರೆ ಮನೆಗಳಿಗೆ ಸರಿಹೋಗುವ ಚಿತ್ರಗಳು.

'ಟೊಟೊರೊ' 1988ರದು, ಜಪಾನಿನ ಹಯಾವೊ ಮಿಯಾಜಾಕಿಯವರದು, ಕೈಯಲ್ಲೇ ಬರೆದ ಅನಿಮೇಷನ್, 86 ನಿಮಿಷ. ಅಮ್ಮ ಆಸ್ಪತ್ರೆಯಲ್ಲಿದ್ದಾಳೆ. ಅಪ್ಪ ಇಬ್ಬರು ಹೆಣ್ಣುಮಕ್ಕಳನ್ನು ಕರೆದುಕೊಂಡು ಹಳ್ಳಿಯ ಹಳೇ ಮನೆಗೆ ಬರುತ್ತಾನೆ. ಮನೆ ಪಕ್ಕದ ಕಾಡಿನ ದೊಡ್ಡ ಮರದಲ್ಲಿ ಒಂದು ಭಾರೀ ರೋಮದ ಜೀವಿ ಇದೆ. ಇದರಲ್ಲಿ ವಿಲನ್ ಇಲ್ಲ. ಒಬ್ಬನೂ ಇಲ್ಲ. ಕೆಟ್ಟವರಿಲ್ಲದೆ ಕಥೆ ಹೇಗೆ ನಿಲ್ಲುತ್ತದೆ ಎಂದು ಕೇಳಿದರೆ ಬಸ್ ಸ್ಟಾಪಿನ ದೃಶ್ಯ ನೋಡಿ. ಕತ್ತಲಾಗಿದೆ, ಮಳೆ ಸುರಿಯುತ್ತಿದೆ, ಅಕ್ಕ ತಂಗಿ ಅಪ್ಪನ ಬಸ್ಸಿಗೆ ಕಾಯುತ್ತಿದ್ದಾರೆ. ತಂಗಿಗೆ ನಿದ್ದೆ ತಡೆಯಲಾಗುತ್ತಿಲ್ಲ, ಅಕ್ಕ ಅವಳನ್ನು ಬೆನ್ನ ಮೇಲೆ ಹೊತ್ತುಕೊಳ್ಳುತ್ತಾಳೆ. ಛತ್ರಿಯ ಅಂಚಿನ ಕೆಳಗಿಂದ ಮೊದಲು ಕಾಣುವುದು ಉಗುರಿರುವ ಎರಡು ದೊಡ್ಡ ಪಾದ. ಪಕ್ಕದಲ್ಲಿ ಟೊಟೊರೊ ಬಂದು ನಿಂತಿದೆ, ತಲೆ ಮೇಲೆ ಒಂದು ಎಲೆ ಇಟ್ಟುಕೊಂಡಿದೆ. ಅಕ್ಕ ಅಪ್ಪನಿಗೆಂದು ತಂದ ಛತ್ರಿ ಅದಕ್ಕೆ ಕೊಡುತ್ತಾಳೆ. ಛತ್ರಿ ಮೇಲೆ ಹನಿ ಬೀಳುವ ಸದ್ದು ಕೇಳಿ ಅದರ ಕಣ್ಣು ಅರಳುತ್ತದೆ, ಇನ್ನೂ ಜಾಸ್ತಿ ಹನಿ ಬೀಳಲಿ ಎಂದು ಧಡ್ ಅಂತ ಒಮ್ಮೆ ಎಗರುತ್ತದೆ. ಮರದ ಮೇಲಿನ ನೀರೆಲ್ಲ ಒಟ್ಟಿಗೆ ಸುರಿಯುತ್ತದೆ. ಕಥೆ ಮುಂದಕ್ಕೆ ಹೋಗಲು ಇದ್ಯಾವುದೂ ಬೇಕಿರಲಿಲ್ಲ. ಆದರೆ ನಮ್ಮೂರಿನ ಜೂನ್ ಸಂಜೆಯಲ್ಲಿ ಬಿಎಂಟಿಸಿ ಬಸ್ಸಿಗೆ ಅಮ್ಮನ ಕೈ ಹಿಡಿದು ಕಾದ ಯಾವ ಮಗುವಿಗೂ ಈ ದೃಶ್ಯದ ಅಂದಾಜು ಸಿಗದೆ ಇರುವುದಿಲ್ಲ.

ಪೋಸ್ಟರ್ ಗಮನಿಸಿ. ಅಲ್ಲಿ ಟೊಟೊರೊ ಪಕ್ಕ ನಿಂತಿರುವುದು ಒಬ್ಬಳೇ ಹುಡುಗಿ. ಮೊದಲು ಕಥೆಯಲ್ಲಿ ಇದ್ದದ್ದು ಒಬ್ಬಳೇ, ಆಮೇಲೆ ಅವಳನ್ನು ಅಕ್ಕ ತಂಗಿಯಾಗಿ ಬಿಡಿಸಿದರು. ಮಕ್ಕಳಿಗೆ ಇದನ್ನು ತೋರಿಸಿ, ಇದು ಅಕ್ಕನೋ ತಂಗಿಯೋ ಎಂದು ಕೇಳಿ, ಜಗಳವೇ ಶುರುವಾಗುತ್ತದೆ.

'ಮೇರಿ ಪಾಪಿನ್ಸ್' 1964ರದು, ಡಿಸ್ನಿಯವರದು. ಜೂಲಿ ಆಂಡ್ರ್ಯೂಸ್ ಅವರ ಮೊದಲ ಸಿನಿಮಾ, ಮೊದಲನೆಯದಕ್ಕೇ ಆಸ್ಕರ್. ಒಟ್ಟು ಐದು ಆಸ್ಕರ್ ಬಂದವು. 1910ರ ಲಂಡನ್, ಬ್ಯಾಂಕ್ ಕೆಲಸದಲ್ಲಿ ಮುಳುಗಿದ ಅಪ್ಪ, ಯಾವ ಆಯಾ ಬಂದರೂ ಓಡಿಸುವ ಇಬ್ಬರು ಮಕ್ಕಳು. ಗಾಳಿಯಲ್ಲಿ ಛತ್ರಿ ಹಿಡಿದು ಇಳಿದು ಬರುವ ಹೊಸ ಆಯಾ. ಕೈಚೀಲದಿಂದ ಟೋಪಿ ನೇತುಹಾಕುವ ಕಂಬವನ್ನೇ ಹೊರಗೆ ತೆಗೆಯುತ್ತಾಳೆ. ಬೀದಿಯಲ್ಲಿ ಸೀಮೆಸುಣ್ಣದಲ್ಲಿ ಬರೆದ ಚಿತ್ರದೊಳಕ್ಕೆ ಎಲ್ಲರೂ ಹಾರಿ ಹೋಗುತ್ತಾರೆ, ಅಲ್ಲಿ ಕಾರ್ಟೂನ್ ಪೆಂಗ್ವಿನ್‌ಗಳು ಕಾಫಿ ಟೀ ತಂದುಕೊಡುವವರ ಹಾಗೆ ಓಡಾಡುತ್ತವೆ. ನಟರನ್ನೂ ಕಾರ್ಟೂನನ್ನೂ ಬೆರೆಸಲು ಸೋಡಿಯಂ ದೀಪದ ಹಳದಿ ಬೆಳಕಿನ ಪರದೆ ಬಳಸಿದ್ದರು. ಇಂದಿಗೂ ಅಂಚುಗಳು ಎಷ್ಟು ಚೊಕ್ಕವಾಗಿವೆ ನೋಡಿ. ಟೋಪಿ ಮೇಲಿನ ತೆಳು ಬಲೆ ಕೂಡ ಹರಿದಂತೆ ಕಾಣುವುದಿಲ್ಲ.

ಈ ಎರಡನ್ನು ಬೇರೆ ಮಾಡುವುದು ಒಂದು ಸಣ್ಣ ವಿಷಯ. ನನಗೆ ಅದೇ ದೊಡ್ಡದು. ಮಗು ಕಂಡದ್ದನ್ನು ದೊಡ್ಡವರು ಏನೆನ್ನುತ್ತಾರೆ? 'ಪಾಪಿನ್ಸ್'ನಲ್ಲಿ ಸೀಮೆಸುಣ್ಣದ ಚಿತ್ರದೊಳಗೆ ಅಷ್ಟೆಲ್ಲ ಕುದುರೆ ರೇಸು ಓಡಿ ಬಂದ ರಾತ್ರಿ ಮಕ್ಕಳು ಅದರ ಮಾತೆತ್ತಿದರೆ ಆಯಾ ಮುಖ ಬಿಗಿದುಕೊಂಡು, ಅಂಥದ್ದೇನೂ ನಡೆದೇ ಇಲ್ಲ ಎಂಬಂತೆ ಗದರುತ್ತಾಳೆ. ಮಕ್ಕಳು ಒಬ್ಬರನ್ನೊಬ್ಬರು ನೋಡಿಕೊಳ್ಳುತ್ತಾರೆ, ಗುಟ್ಟು ಅವರಲ್ಲೇ ಉಳಿಯುತ್ತದೆ. 'ಟೊಟೊರೊ'ದಲ್ಲಿ ಚಿಕ್ಕವಳು ಮರದೊಳಗೆ ಕಂಡದ್ದನ್ನು ಹೇಳಿದಾಗ ಅಕ್ಕನೂ ಅಪ್ಪನೂ ಮೊದಲು ನಗುತ್ತಾರೆ. ಅವಳಿಗೆ ಸಿಟ್ಟು ಬರುತ್ತದೆ. ಆಗ ಅಪ್ಪ ನಗು ನಿಲ್ಲಿಸಿ, ನೀನು ಕಾಡಿನ ದೇವರನ್ನೇ ಕಂಡಿರಬೇಕು ಎಂದು ಹೇಳಿ ಮಕ್ಕಳನ್ನು ಆ ಮರದ ಬುಡಕ್ಕೆ ಕರೆದುಕೊಂಡು ಹೋಗಿ ನಮಸ್ಕಾರ ಮಾಡಿಸುತ್ತಾನೆ. ಅಶ್ವತ್ಥಕಟ್ಟೆಗೆ ಸುತ್ತು ಹಾಕಿ ಬೆಳೆದ ನಮಗೆ ಆ ನಮಸ್ಕಾರದಲ್ಲಿ ಹೊಸದೇನೂ ಕಾಣುವುದಿಲ್ಲ. ಆದರೆ ಮಗುವಿನ ಮಾತನ್ನು ನಂಬಿ ನಮಸ್ಕರಿಸುವ ಅಪ್ಪ, ಅದು ಅಪರೂಪ.

ಹಾಗಾಗಿ ನನ್ನ ಲೆಕ್ಕ ಹೀಗೆ. ಮಗು ಮೆತ್ತಗಿನ ಸ್ವಭಾವದ್ದು, ಹೇಳಿದ್ದನ್ನು ಯಾರೂ ನಂಬುವುದಿಲ್ಲ ಎಂದು ಮುದುಡಿಕೊಳ್ಳುವಂಥದ್ದು ಎಂದಾದರೆ 'ಟೊಟೊರೊ'. ತಂಟೆ ಜಾಸ್ತಿ, ಹಾಡು ಕುಣಿತ ಬೇಕು ಎಂದಾದರೆ 'ಪಾಪಿನ್ಸ್'. ಮನೆಯಲ್ಲಿ ಯಾರಾದರೂ ಆಸ್ಪತ್ರೆಯಲ್ಲಿದ್ದು ಮಗು ಆತಂಕದಲ್ಲಿದ್ದರೆ 'ಟೊಟೊರೊ' ಈಗ ಬೇಡ, ಸ್ವಲ್ಪ ದಿನ ಬಿಟ್ಟು ನೋಡಿ. ಅದರ ಕೊನೆಯ ಭಾಗದಲ್ಲಿ ಅಮ್ಮನ ಸುದ್ದಿ ಬಂದು ಚಿಕ್ಕವಳು ದಾರಿ ತಪ್ಪುವುದು ದೊಡ್ಡವರಿಗೂ ಗಂಟಲು ಕಟ್ಟುವಂತಿದೆ. 'ಪಾಪಿನ್ಸ್'ನ ತೊಡಕು ಉದ್ದ: 139 ನಿಮಿಷ. ಬ್ಯಾಂಕಿನ ಭಾಗದಲ್ಲಿ ಪುಟಾಣಿಗಳು ಎದ್ದು ಹೋಗುತ್ತಾರೆ. ಸೀಮೆಸುಣ್ಣದ ಚಿತ್ರದಿಂದ ವಾಪಸ್ ಬಂದ ಮೇಲೆ ನಿಲ್ಲಿಸಿ, ಮಿಕ್ಕದ್ದು ಮಾರನೇ ದಿನಕ್ಕೆ ಇಡಿ. ಆ ಎರಡನೇ ದಿನದ ಭಾಗವನ್ನು ಅಪ್ಪಂದಿರು ತಪ್ಪಿಸಬಾರದು. ಔಟರ್ ರಿಂಗ್ ರೋಡ್ ದಾಟಿ ರಾತ್ರಿ ಒಂಬತ್ತಕ್ಕೆ ಮನೆ ಸೇರುವ, ಮಕ್ಕಳು ಮಲಗಿದ ಮೇಲೆ ಅವರ ಮುಖ ನೋಡುವ ಅಪ್ಪ ಅಮ್ಮಂದಿರಿಗೆ ಆ ಆಯಾ ನಿಜವಾಗಿ ಬಂದದ್ದು ಯಾರಿಗಾಗಿ ಎಂಬುದು ಆಗ ಗೊತ್ತಾಗುತ್ತದೆ.

ಇದೇ ಬಗೆಯಲ್ಲಿ, ಬೇರೆ ಗ್ರಹದ ಜೀವಿಯೊಂದು ಹುಡುಗನ ಮನೆ ಸೇರುವ 1982ರ 'ಇ.ಟಿ.' ಕೂಡ ಇದೆ. ಬಹುಪಾಲು ಎಲ್ಲರಿಗೂ ಗೊತ್ತಿರುವುದರಿಂದ ಒಂದೇ ಮಾತು: ಕ್ಯಾಮೆರಾ ಎಷ್ಟು ಎತ್ತರದಲ್ಲಿದೆ ಎಂದು ಗಮನಿಸಿ. ತುಂಬಾ ಹೊತ್ತು ಅದು ಮಗುವಿನ ಕಣ್ಣಿನ ಮಟ್ಟದಲ್ಲೇ ಇರುತ್ತದೆ, ಅಮ್ಮನನ್ನು ಬಿಟ್ಟರೆ ದೊಡ್ಡವರ ಮುಖವೇ ಸರಿಯಾಗಿ ಕಾಣುವುದಿಲ್ಲ. ಏಳು ವರ್ಷ ಆದ ಮೇಲೆ ತೋರಿಸಿ, ಕೊನೆಗೆ ಬಿಕ್ಕಿ ಬಿಕ್ಕಿ ಅಳುತ್ತಾರೆ.

ಮನೆ ಬಿಟ್ಟು ಹೋಗುವ ಕಥೆಗಳು

ಇಲ್ಲಿ ಮುಖ್ಯ ಹೋಲಿಕೆ 'ದಿ ವಿಜರ್ಡ್ ಆಫ್ ಓಜ್' ಮತ್ತು 'ದಿ ನೆವರ್‌ಎಂಡಿಂಗ್ ಸ್ಟೋರಿ' ನಡುವೆ. ಮೊದಲನೆಯದು 1939ರದು, ಎರಡನೆಯದು 1984ರದು. ಎರಡೂ ಒಂಟಿ ಮಗುವಿನ ಕಥೆ.

'ಓಜ್'ನ ಡೊರೊಥಿ ಅಮೆರಿಕದ ಕ್ಯಾನ್ಸಸ್‌ನ ಒಂದು ಹೊಲದ ಮನೆಯಲ್ಲಿದ್ದಾಳೆ. ಆ ಭಾಗವೆಲ್ಲ ಕಂದು ಬಣ್ಣದಲ್ಲಿ. ಸುಂಟರಗಾಳಿ ಮನೆಯನ್ನೇ ಎತ್ತಿಕೊಂಡು ಹೋಗಿ ಬೇರೆ ದೇಶದಲ್ಲಿ ಇಳಿಸುತ್ತದೆ. ಅವಳು ಬಾಗಿಲು ತೆಗೆಯುತ್ತಾಳೆ, ಆಚೆ ಬಣ್ಣವೋ ಬಣ್ಣ. ಕಟ್ ಇಲ್ಲದೆ ಒಂದೇ ಶಾಟ್. ಹೇಗೆ ಮಾಡಿದರು ಗೊತ್ತಾ? ಇಡೀ ಶಾಟ್ ಬಣ್ಣದ ಫಿಲ್ಮಿನಲ್ಲೇ ತೆಗೆದದ್ದು. ಮನೆಯ ಒಳಗೋಡೆಗೆ ಕಂದು ಬಣ್ಣ ಬಳಿದರು. ಡೊರೊಥಿಯ ಹಾಗೇ ಕಾಣುವ ಇನ್ನೊಬ್ಬಳಿಗೆ ಕಂದು ಬಣ್ಣದ ಉಡುಪು ತೊಡಿಸಿ, ಬೆನ್ನು ಮಾತ್ರ ಕಾಣುವಂತೆ ಬಾಗಿಲು ತೆಗೆಸಿದರು. ಅವಳು ಹಿಂದೆ ಸರಿದು ಮರೆಯಾದ ಕೂಡಲೇ ನೀಲಿ ಫ್ರಾಕಿನ ಜೂಡಿ ಗಾರ್ಲೆಂಡ್ ಮುಂದೆ ಬಂದಳು. ಸುಂಟರಗಾಳಿ ಎಂದರೆ 35 ಅಡಿ ಉದ್ದದ ಬಟ್ಟೆಯ ಚೀಲ, ಅದನ್ನು ತಿರುಗಿಸುತ್ತಾ ಧೂಳು ಹಾರಿಸಿದ್ದರು. ಸಿನಿಮಾ ಮುಗಿದ ಮೇಲೆ ಮಕ್ಕಳಿಗೆ ಇಷ್ಟು ಹೇಳಿ, ಆ ಬಾಗಿಲ ದೃಶ್ಯವನ್ನು ಮತ್ತೆ ಹಾಕಿ. ಗುಟ್ಟು ಗೊತ್ತಾದರೆ ಮಜಾ ಹೋಗುತ್ತದೆ ಎಂದು ಹೆದರುವುದು ಬೇಡ. ಬೆನ್ನು ತೋರಿಸುವ ಆ ಹುಡುಗಿಯನ್ನು ಹಿಡಿಯಲು ಮಕ್ಕಳು ಟಿವಿಗೆ ಮೂಗು ಅಂಟಿಸಿಕೊಂಡು ಕೂರುತ್ತಾರೆ.

ಮೂಲ ಪುಸ್ತಕ 1900ರದು, ಅದರಲ್ಲಿ ಅವಳ ಚಪ್ಪಲಿ ಬೆಳ್ಳಿಯದು. ಟೆಕ್ನಿಕಲರ್ ಎಂಬ ಬಣ್ಣದ ತಂತ್ರದಲ್ಲಿ ಎದ್ದು ಕಾಣಲಿ ಎಂದು ಕೆಂಪು ಮಾಡಿದರು. ಇನ್ನೊಂದು ಬದಲಾವಣೆ ನನಗೆ ಅಷ್ಟು ಹಿಡಿಸುವುದಿಲ್ಲ. ಪುಸ್ತಕದಲ್ಲಿ ಆ ದೇಶ ನಿಜ, ಸಿನಿಮಾದಲ್ಲಿ ಅದು ಕನಸು. ಎದ್ದಾಗ ಸುತ್ತ ನಿಂತವರ ಮುಖಗಳೇ ಕನಸಿನಲ್ಲೂ ಬಂದಿದ್ದವು. ಮಕ್ಕಳು ಇಲ್ಲಿ ಮುನಿಸಿಕೊಳ್ಳುತ್ತಾರೆ, ಎಲ್ಲಾ ಸುಳ್ಳಾ ಎಂದು ಕೇಳುತ್ತಾರೆ. ಅವಳಿಗೆ ಅದು ಕನಸು ಅನಿಸಲಿಲ್ಲವಲ್ಲ, ನಿಜ ಅಂತಲೇ ವಾದ ಮಾಡುತ್ತಾಳಲ್ಲ ಎಂದು ನೆನಪಿಸಿ. ಹೆದರಿಕೆಯ ಜಾಗ ಎರಡು: ಹಸಿರು ಮುಖದ ಮಾಟಗಾತಿ ಮತ್ತು ಹಾರುವ ಕೋತಿಗಳು. ಕೋತಿಗಳೇ ಜಾಸ್ತಿ ಕಾಡುತ್ತವೆ.

'ನೆವರ್‌ಎಂಡಿಂಗ್ ಸ್ಟೋರಿ'ಯ ಹುಡುಗ ಅಮ್ಮನನ್ನು ಕಳೆದುಕೊಂಡಿದ್ದಾನೆ. ಸ್ಕೂಲಿಗೆ ಹೋಗುವ ದಾರಿಯಲ್ಲಿ ಹುಡುಗರು ಅಟ್ಟಾಡಿಸುತ್ತಾರೆ. ಪುಸ್ತಕದಂಗಡಿಗೆ ನುಗ್ಗುತ್ತಾನೆ, ಒಂದು ದಪ್ಪ ಪುಸ್ತಕ ಎತ್ತಿಕೊಂಡು ಬಂದು ಸ್ಕೂಲಿನ ಅಟ್ಟದ ಮೇಲೆ ಕಂಬಳಿ ಹೊದ್ದು ಓದುತ್ತಾನೆ. ಓದುತ್ತಾ ಓದುತ್ತಾ ಆ ಲೋಕವನ್ನು ಶೂನ್ಯ ನುಂಗುತ್ತಿದೆ, ಅದನ್ನು ಉಳಿಸಲು ಓದುಗನೇ ಬೇಕು ಎಂದು ಗೊತ್ತಾಗುತ್ತದೆ. 'ಚಂದಮಾಮ', 'ಬಾಲಮಂಗಳ' ಕೈಗೆ ಸಿಕ್ಕರೆ ಊಟಕ್ಕೆ ಕರೆದರೂ ಏಳದೆ ಬೆಳೆದವರಿಗೆ ಈ ಹುಡುಗ ಯಾರೆಂದು ಹೇಳಬೇಕಿಲ್ಲ. ಚಿತ್ರ ತಯಾರಾದದ್ದು ಬಹುಪಾಲು ಮ್ಯೂನಿಕ್‌ನ ಬವೇರಿಯಾ ಸ್ಟುಡಿಯೋದಲ್ಲಿ. ಬಿಳಿ ಅದೃಷ್ಟದ ಡ್ರ್ಯಾಗನ್ ನಲವತ್ತು ಅಡಿಗೂ ಉದ್ದದ ಯಂತ್ರದ ಗೊಂಬೆ. ಅದರ ಮುಖ ನಾಯಿಯದು, ಕಿವಿ ಹಿಂದೆ ಕೆರೆದರೆ ಖುಷಿಪಡುತ್ತದೆ. ಮೂಲ ಕಾದಂಬರಿ ಬರೆದ ಮಿಶಾಯೆಲ್ ಎಂಡೆಗೆ ಈ ಚಿತ್ರ ಸುತರಾಂ ಇಷ್ಟವಾಗಲಿಲ್ಲ, ಕಾದಂಬರಿಯ ಸುಮಾರು ಮೊದಲರ್ಧ ಮಾತ್ರ ಇದರಲ್ಲಿದೆ. ಪುಸ್ತಕ ಓದಿದ ದೊಡ್ಡ ಮಕ್ಕಳಿದ್ದರೆ ಮೊದಲೇ ಹೇಳಿಬಿಡಿ.

ಒಂದು ಎಚ್ಚರಿಕೆ. ದುಃಖದ ಜವುಗು ಎಂಬ ಜಾಗದಲ್ಲಿ ಕುದುರೆಯೊಂದು ಮುಳುಗುತ್ತದೆ. ಚಿತ್ರ ಶುರುವಾಗಿ ಬಹಳ ಹೊತ್ತೇನೂ ಆಗಿರುವುದಿಲ್ಲ, ಮಗು ಆ ಕುದುರೆಯನ್ನು ಆಗಲೇ ಪ್ರೀತಿಸತೊಡಗಿರುತ್ತದೆ. 'ಓಜ್'ನ ಕೋತಿಗಳಿಗಿಂತ ಇದು ತುಂಬಾ ಗಟ್ಟಿ. ಕೋತಿಯದು ಭಯ, ಪಕ್ಕದಲ್ಲಿ ದೊಡ್ಡವರು ಕೂತರೆ ಕಳೆಯುತ್ತದೆ. ಇದು ಸಾವಿನ ದುಃಖ. ಇತ್ತೀಚೆಗೆ ಮನೆಯಲ್ಲಿ ಸಾವು ಕಂಡ ಮಗುವಿಗೆ ತೋರಿಸುವ ಮುಂಚೆ ನೀವೊಬ್ಬರೇ ನೋಡಿ ತೀರ್ಮಾನಿಸಿ. ಎಂಟರ ಆಸುಪಾಸಿನ ಮಗುವಾದರೆ 'ಓಜ್', ಒಂಬತ್ತು ದಾಟಿ ಓದುವ ಹುಚ್ಚಿದ್ದರೆ 'ನೆವರ್‌ಎಂಡಿಂಗ್ ಸ್ಟೋರಿ'.

'ಲ್ಯಾಬಿರಿಂತ್' 1986ರದು, ಗೊಂಬೆಗಳ ಮಾಂತ್ರಿಕ ಜಿಮ್ ಹೆನ್ಸನ್ ನಿರ್ದೇಶನ, ಹಾಡುಗಾರ ಡೇವಿಡ್ ಬೋವಿ ಕುಳ್ಳ ಭೂತಗಳ ರಾಜ. ತಮ್ಮನನ್ನು ಯಾರಾದರೂ ಎತ್ತಿಕೊಂಡು ಹೋಗಲಿ ಎಂದು ಸಿಟ್ಟಿನಲ್ಲಿ ಅಂದ ಮಾತು ನಿಜವಾಗುತ್ತದೆ, ಅಕ್ಕ ಅವನನ್ನು ಬಿಡಿಸಿ ತರಬೇಕು. ಬಿಡುಗಡೆಯಾದಾಗ ಓಡಲಿಲ್ಲ, ಆಮೇಲೆ ವಿಡಿಯೋ ಕ್ಯಾಸೆಟ್ಟಿನಲ್ಲಿ ಜನ ಹಚ್ಚಿಕೊಂಡರು. ಹನ್ನೆರಡು ದಾಟಿದ ಮಕ್ಕಳಿಗೆ ಸರಿ. ಚಿಕ್ಕವರಿಗೆ ಅರ್ಧದಷ್ಟೂ ತಲುಪುವುದಿಲ್ಲ.

'ವಿಲ್ಲಿ ವೊಂಕಾ ಅಂಡ್ ದಿ ಚಾಕೊಲೇಟ್ ಫ್ಯಾಕ್ಟರಿ', 1971. ಇದನ್ನು ಎಲ್ಲರೂ ಮೊದಲು ಹೆಸರಿಸುತ್ತಾರೆ. ನನಗೆ ಇದು ಮೂರನೆಯದೋ ನಾಲ್ಕನೆಯದೋ ಆಗಿರಬೇಕು ಅನಿಸುತ್ತದೆ. ಯಾಕೆಂದರೆ ಇದರಲ್ಲಿ ಕಲ್ಪನೆಯಷ್ಟೇ ಶಿಕ್ಷೆಯೂ ಇದೆ. ವೊಂಕಾನ ಚಾಕೊಲೇಟ್ ಕಾರ್ಖಾನೆ ನೋಡಲು ಬಂದ ಆಸೆಬುರುಕ ಮಕ್ಕಳು ಒಬ್ಬೊಬ್ಬರಾಗಿ ಬೀಳುತ್ತಾರೆ, ನೋಡುವ ಪುಟ್ಟ ಮಗು ತಾನು ನಿನ್ನೆ ತಿಂದ ಎರಡು ಚಾಕೊಲೇಟು ನೆನೆದು ಗಾಬರಿಯಾಗುತ್ತದೆ. ದೋಣಿ ಸುರಂಗದ ದೃಶ್ಯವಂತೂ ಏಳರೊಳಗಿನವರಿಗೆ ಬೇಡವೇ ಬೇಡ. ಹಾಗೆಂದು ವೊಂಕಾ ಪಾತ್ರ ಮಾಡಿದ ಜೀನ್ ವೈಲ್ಡರ್ ಅವರನ್ನು ತಪ್ಪಿಸಿಕೊಳ್ಳಬೇಡಿ. ಅವರು ಮೊದಲ ಬಾರಿ ಬಾಗಿಲಿಂದ ಹೊರಗೆ ಬರುವುದು ಕುಂಟುತ್ತಾ, ಕೋಲು ಊರುತ್ತಾ. ಕೋಲು ಕಲ್ಲಿನ ಸಂದಿಯಲ್ಲಿ ಸಿಕ್ಕಿಕೊಳ್ಳುತ್ತದೆ, ಮುಗ್ಗರಿಸುತ್ತಾರೆ, ಬಿದ್ದರು ಎನ್ನುವಷ್ಟರಲ್ಲಿ ಲಾಗ ಹಾಕಿ ಎದ್ದು ನಿಲ್ಲುತ್ತಾರೆ. ಇದು ಇರಲೇಬೇಕೆಂದು ಅವರೇ ಷರತ್ತು ಹಾಕಿದ್ದರು, ಅಲ್ಲಿಂದ ಮುಂದೆ ಈ ಮನುಷ್ಯ ನಿಜ ಹೇಳುತ್ತಿದ್ದಾನೋ ಸುಳ್ಳೋ ಯಾರಿಗೂ ತಿಳಿಯಬಾರದು ಎಂದು. ಚಾಕೊಲೇಟ್ ಕೋಣೆಯ ಸೆಟ್ಟನ್ನು ಶೂಟಿಂಗ್ ತನಕ ಮಕ್ಕಳಿಗೆ ತೋರಿಸಿರಲಿಲ್ಲ. ಅವರ ಮುಖದ ಬೆರಗು ನಿಜದ್ದು.

ಲೋಕವೇ ಮಾಯೆಯದಾದರೆ

ಈ ಬಗೆಯಲ್ಲಿ ನನ್ನ ಮನಸ್ಸಿಗೆ ತೀರಾ ಹತ್ತಿರದ್ದು 'ದಿ ಥೀಫ್ ಆಫ್ ಬಾಗ್ದಾದ್', 1940. ಇದು ಬೆಂಗಳೂರಿನ ಪ್ರತಿ ಮಗುವೂ ನೋಡಬೇಕಾದ ಚಿತ್ರ ಎನ್ನಲು ಕಾರಣ ಇದೆ. ಕಳ್ಳ ಹುಡುಗನ ಪಾತ್ರ ಮಾಡಿದ ಸಾಬು ನಮ್ಮ ಮೈಸೂರು ಸೀಮೆಯವನು. ಹುಟ್ಟಿದ್ದು 1924ರಲ್ಲಿ, ಕಬಿನಿ ಕಡೆಯ ಕಾರಾಪುರದಲ್ಲಿ, ಮಾವುತನ ಮಗ. ನಿರ್ದೇಶಕ ರಾಬರ್ಟ್ ಫ್ಲಾಹರ್ಟಿ ಆನೆಯ ಹುಡುಗನ ಕಥೆ ತೆಗೆಯಲು ಮೈಸೂರಿಗೆ ಬಂದಾಗ ಕಣ್ಣಿಗೆ ಬಿದ್ದ. 'ಎಲಿಫೆಂಟ್ ಬಾಯ್' 1937ರಲ್ಲಿ ಬಂತು, ಹುಡುಗ ಇಂಗ್ಲೆಂಡಿಗೆ ಹೋದ, ಅಲ್ಲಿಂದ ಹಾಲಿವುಡ್‌ಗೆ. 39ನೇ ವಯಸ್ಸಿಗೇ ತೀರಿಹೋದ. ನಾಗರಹೊಳೆ ಸಫಾರಿಗೆ ಹೋಗಿ ಬರುವ ಎಷ್ಟು ಮನೆಗಳಲ್ಲಿ ಈ ಹೆಸರು ಹೇಳುತ್ತಾರೆ? ನೀವು ಹೇಳಿ.

ಚಿತ್ರದಲ್ಲಿ ಅವನು ಕಡಲ ತೀರದಲ್ಲಿ ಒಂದು ಬಾಟಲಿ ತೆಗೆಯುತ್ತಾನೆ, ಹೊಗೆ ಎದ್ದು ಆಕಾಶದೆತ್ತರದ ಜೀನಿ ನಿಲ್ಲುತ್ತದೆ. ಮೂರು ವರ. ಹಸಿದ ಹುಡುಗ ಮೊದಲ ವರವನ್ನು ತಿಂಡಿಗೇ ಖರ್ಚು ಮಾಡುತ್ತಾನೆ! ಯಂತ್ರದ ಕುದುರೆ ಹಾರುತ್ತದೆ, ಕೊನೆಗೆ ಚಾಪೆ ಹಾರುತ್ತದೆ. ನಟರನ್ನು ನೀಲಿ ಪರದೆಯ ಮುಂದೆ ನಿಲ್ಲಿಸಿ ಹಿಂದಿನ ದೃಶ್ಯ ಬದಲಿಸುವ ತಂತ್ರವನ್ನು ಬಣ್ಣದ ಚಿತ್ರದಲ್ಲಿ ಇಷ್ಟು ದೊಡ್ಡದಾಗಿ ಬಳಸಿದ್ದು ಇಲ್ಲೇ, ಸ್ಪೆಷಲ್ ಎಫೆಕ್ಟ್ಸ್‌ಗೆ ಆಸ್ಕರ್ ಕೂಡ ಬಂತು. ಅಂಚಿನಲ್ಲಿ ನೀಲಿ ಗೆರೆ ಕಾಣುತ್ತದೆ, ಕಾಣಲಿ ಬಿಡಿ. ಯುದ್ಧ ಶುರುವಾಗಿ ಇಂಗ್ಲೆಂಡಿನಲ್ಲಿ ಶೂಟಿಂಗ್ ನಿಂತಿತು, ಉಳಿದದ್ದನ್ನು ಅಮೆರಿಕದಲ್ಲಿ ಮುಗಿಸಿದರು. ಒಂದು ಮಾತು ಮಕ್ಕಳಿಗೆ ಹೇಳಬೇಕು: ಅರಬ್ ದೇಶ ಎಂದರೆ ಹೀಗೇ ಎಂದು 1940ರ ಬಿಳಿಯರು ಕಟ್ಟಿಕೊಂಡ ಕಲ್ಪನೆ ಇದು, ರಾಜ ರಾಣಿಯರಾಗಿ ಬಣ್ಣ ಹಚ್ಚಿದವರೂ ಬಿಳಿಯರೇ.

ನಮ್ಮ ದೇಶದ್ದೇ ಬೇಕು ಎನ್ನುವವರಿಗೆ ಮೂರು. ಸತ್ಯಜಿತ್ ರಾಯ್ ಅವರ 'ಗೂಪಿ ಗಾಯೆನ್ ಬಾಘಾ ಬಾಯೆನ್' 1969ರ ಬಂಗಾಳಿ ಚಿತ್ರ. ಕಥೆ ಅವರ ಅಜ್ಜನದು, ಸಿನಿಮಾ ಮಾಡು ಎಂದು ಹಟ ಹಿಡಿದದ್ದು ಮಗ. ಸ್ವರ ಕೆಟ್ಟ ಹಾಡುಗಾರ, ತಾಳ ಕೆಟ್ಟ ಡೋಲಿನವ, ಇಬ್ಬರನ್ನೂ ಊರಿಂದ ಓಡಿಸಿದ್ದಾರೆ. ಕಾಡಿನಲ್ಲಿ ಭೂತಗಳ ರಾಜ ಒಲಿಯುತ್ತಾನೆ. ಭೂತದ ಕುಣಿತಕ್ಕೆ ರಾಯ್ ಬಳಸಿದ್ದು ನಮ್ಮ ಕಡೆಯ ತಾಳವಾದ್ಯ: ಮೃದಂಗ, ಘಟ, ಖಂಜಿರ, ಮೋರ್ಸಿಂಗ್. ಮೃದಂಗದ ಕ್ಲಾಸಿಗೆ ಹೋಗುವ ಮಗುವಿದ್ದರೆ ಈ ದೃಶ್ಯವನ್ನು ಕಣ್ಣು ಮುಚ್ಚಿಸಿ ಒಮ್ಮೆ ಕೇಳಿಸಿ, ಆಮೇಲೆ ತೋರಿಸಿ. ಯುದ್ಧಕ್ಕೆ ಹೊರಟ ಹಸಿದ ಸೈನಿಕರ ಮೇಲೆ ಆಕಾಶದಿಂದ ಮಿಠಾಯಿಯ ಮಡಕೆಗಳು ಇಳಿಯುತ್ತವೆ, ಸೈನ್ಯ ಆಯುಧ ಬಿಟ್ಟು ಓಡುತ್ತದೆ. ಯುದ್ಧ ನಿಲ್ಲಿಸಲು ಇದಕ್ಕಿಂತ ಸರಿಯಾದ ಉಪಾಯ ಮಕ್ಕಳಿಗೆ ಇನ್ನೊಂದಿಲ್ಲ. ಪೂರ್ತಿ ಕಪ್ಪುಬಿಳುಪು, ಕೊನೆಗೆ ಮಾತ್ರ ಬಣ್ಣ.

'ಮಾಯಾಬಜಾರ್' 1957ರ ತೆಲುಗು ಚಿತ್ರ, ಕೆ.ವಿ. ರೆಡ್ಡಿ ನಿರ್ದೇಶನ. ಎಸ್.ವಿ. ರಂಗರಾವ್ ಘಟೋತ್ಕಚ. ಲಾಡು ತಾನಾಗಿ ಬಾಯಿಗೆ ಬಂದು ಬೀಳುವ ದೃಶ್ಯಕ್ಕೆ ಮಕ್ಕಳು ಬಿದ್ದು ಬಿದ್ದು ನಗುತ್ತಾರೆ. ತೆರೆದರೆ ಪ್ರೀತಿಸುವವರನ್ನು ತೋರಿಸುವ ಪೆಟ್ಟಿಗೆ ನೋಡಿ, ಅಯ್ಯೋ ವಿಡಿಯೋ ಕಾಲ್ ಎನ್ನುತ್ತಾರೆ. ಸುಮಾರು ಮೂರು ಗಂಟೆ ಇದೆ, ಎರಡು ಸಲಕ್ಕೆ ಹಂಚಿ. 2010ರಲ್ಲಿ ಬಣ್ಣ ಹಚ್ಚಿದ ಪ್ರತಿಯೂ ಬಂದಿದೆ. ಛಾಯಾಗ್ರಾಹಕ ಮಾರ್ಕಸ್ ಬಾರ್ಟ್ಲೆ ಅವರ ಬೆಳಕು ನೆರಳಿನ ಆಟ ಕಪ್ಪುಬಿಳುಪಿನಲ್ಲೇ ಚೆನ್ನ, ನಾನು ಅದನ್ನೇ ಹಾಕುತ್ತೇನೆ. ಬೆಂಗಳೂರಿನಲ್ಲಿ ಪಕ್ಕದ ಮನೆಯವರಿಗಾದರೂ ತೆಲುಗು ಬರುತ್ತದೆ ಅಲ್ವಾ, ಅವರನ್ನೂ ಕರೆಯಿರಿ.

'ಮೈ ಡಿಯರ್ ಕುಟ್ಟಿಚಾತನ್' 1984ರ ಮಲಯಾಳಂ ಚಿತ್ರ, ಭಾರತದ ಮೊದಲ ತ್ರೀಡಿ. ಮಕ್ಕಳು ಗೋಡೆ ಹತ್ತಿ ಚಾವಣಿ ಮೇಲೆ ನಡೆಯುವ ಹಾಡಿಗೆ ಇಡೀ ಕೋಣೆಯನ್ನೇ ತಿರುಗುವಂತೆ ಕಟ್ಟಿದ್ದರು. ಮನೆಯ ಟಿವಿಯಲ್ಲಿ ತ್ರೀಡಿ ಮಜಾ ಸಿಗುವುದಿಲ್ಲ, ಜೊತೆಗೆ ಕುಡಿತದ ದೃಶ್ಯಗಳಿವೆ. ಮೂರರಲ್ಲಿ ಇದನ್ನು ಕೊನೆಗೆ ಇಡಿ.

ಹೇಗೆ ನೋಡುವುದು

ಎಂ.ಜಿ. ರಸ್ತೆಯ ಪ್ಲಾಜಾ ಹೋಯಿತು, ಬ್ರಿಗೇಡ್ ರಸ್ತೆಯ ರೆಕ್ಸ್ ಹೋಯಿತು, ಇಂಥ ಚಿತ್ರಗಳು ದೊಡ್ಡ ಪರದೆಗೆ ಬರುವುದು ಈಗ ಅಪರೂಪ. ಬನಶಂಕರಿಯ ಸುಚಿತ್ರಾದಂಥ ಫಿಲ್ಮ್ ಸೊಸೈಟಿಗಳ ಕಾರ್ಯಕ್ರಮಗಳ ಮೇಲೆ ಕಣ್ಣಿಡಿ. ಉಳಿದಂತೆ ಮನೆಯೇ ಗತಿ. ಓಟಿಟಿಯಲ್ಲಿ ಈ ತಿಂಗಳು ಇದ್ದದ್ದು ಮುಂದಿನ ತಿಂಗಳು ಇರುವುದಿಲ್ಲ, ಮಕ್ಕಳಿಗೆ ಮಾತು ಕೊಡುವ ಮುಂಚೆ ಒಮ್ಮೆ ಹುಡುಕಿ ನೋಡಿ.

ಟಿವಿಯ ಸೆಟ್ಟಿಂಗಿನಲ್ಲಿ ಚಲನೆ ನಯ ಮಾಡುವ ಆಯ್ಕೆ ಇರುತ್ತದೆ. ಸೋನಿಯಲ್ಲಿ ಮೋಷನ್‌ಫ್ಲೋ, ಎಲ್‌ಜಿಯಲ್ಲಿ ಟ್ರೂಮೋಷನ್ ಎನ್ನುತ್ತಾರೆ. ಅದನ್ನು ಆಫ್ ಮಾಡಿ. ಆನ್ ಇದ್ದರೆ 1939ರ ಸಿನಿಮಾ ಕೂಡ ಸಂಜೆಯ ಧಾರಾವಾಹಿಯ ಹಾಗೆ ಕಾಣುತ್ತದೆ. ತೀರಾ ಹಳೇ ಚಿತ್ರಗಳ ಚೌಕಟ್ಟು ಹೆಚ್ಚುಕಮ್ಮಿ ಚೌಕ, ಎರಡೂ ಬದಿ ಕಪ್ಪು ಪಟ್ಟಿ ಬರುತ್ತದೆ. ಪೂರ್ತಿ ತುಂಬಲಿ ಎಂದು ಎಳೆಯಬೇಡಿ, ಎಲ್ಲರೂ ದಪ್ಪಗಾಗಿಬಿಡುತ್ತಾರೆ.

ಸಬ್‌ಟೈಟಲ್ ಓದಲಾಗದ ಮಕ್ಕಳಿಗೆ ನೀವೇ ಕನ್ನಡದಲ್ಲಿ ಹೇಳುತ್ತಾ ಹೋಗಿ. ಎಲ್ಲಾ ಮಾತೂ ಹೇಳಬೇಕಿಲ್ಲ. ಯಾರು ಯಾಕೆ ಸಿಟ್ಟಾದರು, ಈಗ ಎಲ್ಲಿಗೆ ಹೊರಟರು, ಅಷ್ಟು ಸಾಕು. ಅಜ್ಜಿ ಮನೆಯಲ್ಲಿದ್ದರೆ ಈ ಕೆಲಸ ಅವರಿಗೆ ಬಿಟ್ಟುಕೊಡಿ. ಘಟೋತ್ಕಚ ಬಂದಾಗ ಅವರು ಸಿನಿಮಾದಲ್ಲಿ ಇಲ್ಲದ ಮಹಾಭಾರತದ ಕಥೆಯನ್ನೂ ಸೇರಿಸುತ್ತಾರೆ, ಸೇರಿಸಲಿ.

ನಾಲ್ಕು ವರ್ಷದಿಂದ ಹದಿನಾಲ್ಕರವರೆಗೆ ಎಲ್ಲರೂ ಒಟ್ಟಿಗೆ ಕೂತಿದ್ದಾರೆ, ಒಂದೇ ಸಿನಿಮಾ ಹಾಕಬೇಕು ಎಂದಾದರೆ 'ಥೀಫ್ ಆಫ್ ಬಾಗ್ದಾದ್' ಹಾಕಿ. ಗುಡಿಯೊಳಗೆ ದೈತ್ಯ ಜೇಡ ಬರುವ ಹೊತ್ತಿಗೆ ಪುಟಾಣಿಗಳನ್ನು ಅಡುಗೆಮನೆಗೆ ಕರೆದು ಚುರುಮುರಿ ಕಲಸಲು ಹಚ್ಚಿ, ಎಲ್ಲರಿಗೂ ಹಂಚಲು ತಟ್ಟೆ ಹಿಡಿದು ಅವರು ವಾಪಸ್ ಬರುವಷ್ಟರಲ್ಲಿ ಆ ಭಾಗ ದಾಟಿರುತ್ತದೆ.